ಹಳೇ ಸಾಫ್ಟ್‌ವೇರನ್ನು ಹೊಸ ಡಿಸ್ಕಿಗೆ ಕಾಪಿ ಮಾಡಿಟ್ಟರೆ ಮುಂದಿನವರಿಗೆ ಉಳಿಯುತ್ತದೆ, ಅಲ್ವಾ?

ಅಷ್ಟೇ ಸಾಲದು. ಕಾಪಿ ಮಾಡಿದಾಗ ಉಳಿಯುವುದು ಬರೀ ಸೊನ್ನೆ, ಒಂದುಗಳ ಸಾಲು. ಅದಕ್ಕೆ ಅರ್ಥ ಕೊಡುವುದು ಆ ಕಾಲದ ಪ್ರೋಗ್ರಾಂ, ಅದರ ಕೆಳಗಿನ ಆಪರೇಟಿಂಗ್ ಸಿಸ್ಟಮ್, ಅದಕ್ಕೂ ಕೆಳಗಿನ ಯಂತ್ರ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಫೈಲು ಇದ್ದೂ ಇಲ್ಲದಂತೆ.

ಬ್ರಿಟನ್ನಿನಲ್ಲಿ ಆಗಿದ್ದು ನೋಡಿ. 1086ರ ಡೂಮ್ಸ್‌ಡೇ ಬುಕ್ ಎಂಬ ಜಮೀನು ಲೆಕ್ಕದ ಪುಸ್ತಕಕ್ಕೆ 900 ವರ್ಷ ತುಂಬಿತೆಂದು, 1986ರಲ್ಲಿ ಬಿಬಿಸಿ ಅದೇ ಹೆಸರಿನ ಹೊಸ ದಾಖಲೆಯನ್ನು ಎರಡು ಲೇಸರ್ ಡಿಸ್ಕ್‌ಗಳಲ್ಲಿ ತಂದಿತು. ಊಟದ ತಟ್ಟೆಯಷ್ಟು ದೊಡ್ಡ, ಮಿರಮಿರ ಮಿಂಚುವ ಡಿಸ್ಕುಗಳು. ಓದಲು ವಿಶೇಷ ಪ್ಲೇಯರ್ ಬೇಕು, ಜೊತೆಗೆ ಬಿಬಿಸಿ ಮಾಸ್ಟರ್ ಕಂಪ್ಯೂಟರ್. ಇಪ್ಪತ್ತು ವರ್ಷವೂ ಆಗಿರಲಿಲ್ಲ, ಅವು ಸಿಗುವುದೇ ಕಷ್ಟವಾಯಿತು. ಚರ್ಮದ ಹಾಳೆಯ ಹಳೇ ಪುಸ್ತಕವನ್ನಾದರೆ ಈಗಲೂ ಸುಮ್ನೆ ತೆರೆದು ಓದಬಹುದು, ಲ್ಯಾಟಿನ್ ಬಂದರೆ!

ಕೊನೆಗೆ ಕೈಹಿಡಿದದ್ದು ಎಮ್ಯುಲೇಟರ್, ಅಂದರೆ ಹೊಸ ಕಂಪ್ಯೂಟರಿನೊಳಗೆ ಕೂತು ಹಳೇ ಯಂತ್ರದಂತೆ ನಟಿಸುವ ಪ್ರೋಗ್ರಾಂ. ಆದರೆ ಅದನ್ನು ಬರೆಯುವವರಿಗೆ ಆ ಯಂತ್ರದ ಕೈಪಿಡಿ, ಸರ್ಕ್ಯೂಟ್ ನಕ್ಷೆ, ಚಿಪ್ಪಿನೊಳಗಿನ ಕೋಡ್ ಬೇಕು. ನನ್ನ ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ಜೋಪಾನ ಮಾಡಬೇಕಾದ್ದು ಇವನ್ನೇ. ಜನ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಪಿಡಿಯನ್ನು ರದ್ದಿಗೆ ಹಾಕಿಬಿಡುತ್ತಾರೆ.

ಹಾಗಂತ ಕಾಪಿ ಮಾಡುವುದನ್ನೂ ಮುಂದೂಡಬೇಡಿ. ಫ್ಲಾಪಿ ಎಂಬ ಹಳೇ ಡಿಸ್ಕಿನೊಳಗಿನ ತೆಳು ಪ್ಲಾಸ್ಟಿಕ್ ಹಾಳೆಯ ಮೇಲಿನ ಕಾಂತೀಯ ಲೇಪನ ವರ್ಷ ಕಳೆದು ಸಡಿಲವಾಗಿದ್ದರೆ, ಓದಲು ಹೋದ ಹೆಡ್ಡೇ, ಅಂದರೆ ಡ್ರೈವಿನಲ್ಲಿ ಹಾಳೆಗೆ ತಾಗಿ ಓದುವ ಭಾಗವೇ, ಅದನ್ನು ಕೆರೆದು ಹಾಕುತ್ತದೆ.