ಸಾಕಿದ ಹಾವು ಕಚ್ಚುತ್ತಿದೆ: ಆಹಾರ ಕೊಡುವುದು ಹೇಗೆ, ಎತ್ತಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹದಿನಾಲ್ಕು ವರ್ಷದ ಮಗನ ಹಟಕ್ಕೆ ಮಣಿದು ಕಳೆದ ವರ್ಷ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಜಾತಿಯ ಮರಿಯೊಂದನ್ನು ತಂದೆವು. ಈಗ ಅದು ಸುಮಾರು 400 ಗ್ರಾಂ ತೂಗುತ್ತದೆ. ಮಗನೇ ಇಲಿಯನ್ನು ಕೈಯಲ್ಲಿ ಹಿಡಿದು ತಿನ್ನಿಸುತ್ತಾನೆ. ಕಳೆದ ತಿಂಗಳು ಟ್ಯಾಂಕಿನ ಮುಚ್ಚಳ ತೆಗೆದೊಡನೆ ಅವನ ಕೈಯನ್ನು ಕಚ್ಚಿ ಸುತ್ತಿಕೊಂಡಿತು. ಮೊನ್ನೆ ಎತ್ತಿಕೊಳ್ಳಲು ಹೋದಾಗ ತಟ್ಟನೆ ಕಚ್ಚಿ ಹಿಂದೆ ಸರಿಯಿತು. ಬೇರೆ ಡಬ್ಬಿಗೆ ಹಾಕಿ ತಿನ್ನಿಸಿದರೆ ಕಚ್ಚುವುದು ನಿಲ್ಲುತ್ತದೆಯೇ? ನಾವು ಸಸ್ಯಾಹಾರಿಗಳು. ಊರಿನಿಂದ ಬಂದಿರುವ ಅತ್ತೆಯವರು ಹಾಲು ಕೊಟ್ಟು ನೋಡಿ ಎನ್ನುತ್ತಿದ್ದಾರೆ. ಇಲಿಯ ಬದಲು ಮೊಟ್ಟೆಯಾದರೂ ಸಾಲದೇ?

ಉತ್ತರ: ನೀವು ಬರೆದಿರುವ ಎರಡು ಕಡಿತಗಳೂ ಒಂದೇ ಬಗೆಯವಲ್ಲ. ಕಚ್ಚಿ, ಬಿಡದೆ ಸುತ್ತಿಕೊಂಡದ್ದು ಹಸಿವಿನ ಕಡಿತ. ಮುಚ್ಚಳ ತೆಗೆದಾಗ ಬಂದ ಬಿಸಿ ಕೈಯನ್ನು ಹಾವು ಆಹಾರವೆಂದು ತಿಳಿದಿದೆ. ತಟ್ಟನೆ ಕಚ್ಚಿ ಹಿಂದೆ ಸರಿದದ್ದು ಹೆದರಿಕೆಯ ಕಡಿತ. ಮೊದಲನೆಯದಕ್ಕೆ ಆಹಾರ ಕೊಡುವ ಕ್ರಮವನ್ನೂ ಎರಡನೆಯದಕ್ಕೆ ಎತ್ತಿಕೊಳ್ಳುವ ಕ್ರಮವನ್ನೂ ಬದಲಿಸಬೇಕು. ಎರಡರಲ್ಲಿಯೂ ಹಾವಿನ ಸ್ವಭಾವ ಕೆಟ್ಟಿದೆ ಎನ್ನುವುದಕ್ಕೆ ಆಧಾರವಿಲ್ಲ.

ಘಾನಾ, ಟೋಗೊ, ಬೆನಿನ್ ಮೊದಲಾದ ಪಶ್ಚಿಮ ಆಫ್ರಿಕಾದ ದೇಶಗಳ ಹುಲ್ಲುಗಾವಲುಗಳಲ್ಲಿ ಈ ಹಾವು ಹಗಲೆಲ್ಲ ಇಲಿಗಳ ಬಿಲದಲ್ಲೋ ಹುತ್ತದಲ್ಲೋ ಅಡಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ. ಅದು ಕಣ್ಣಿಗಿಂತ ಹೆಚ್ಚಾಗಿ ವಾಸನೆಯನ್ನೂ, ತುಟಿಯ ಅಂಚಿನಲ್ಲಿರುವ ಶಾಖ ಗ್ರಹಿಸುವ ಸಣ್ಣ ಕುಳಿಗಳನ್ನೂ ನೆಚ್ಚುತ್ತದೆ. ಇಲಿಯ ವಾಸನೆ ಹತ್ತಿದ, ಇಲಿಯಷ್ಟೇ ಬೆಚ್ಚಗಿರುವ, ಪ್ರತಿ ಸಲ ಆಹಾರ ಬರುವ ದಿಕ್ಕಿನಿಂದಲೇ ಬರುವ ನಿಮ್ಮ ಮಗನ ಕೈಯನ್ನು ಅದು ಬೇರೆ ಏನೆಂದು ತಿಳಿಯಬೇಕು? ಆದ್ದರಿಂದ ಇಂದಿನಿಂದಲೇ ಕೈಯಲ್ಲಿ ತಿನ್ನಿಸುವುದನ್ನು ನಿಲ್ಲಿಸಿ, ಕನಿಷ್ಠ ಒಂದು ಅಡಿ ಉದ್ದದ ಇಕ್ಕಳದಲ್ಲಿಯೇ ಇಲಿಯನ್ನು ಹಿಡಿದು ಕೊಡಬೇಕು.

ಜೀವಂತ ಇಲಿಯನ್ನು ಎಂದೂ ಬಿಡಬೇಡಿ; ಮೂಲೆಗೆ ಸಿಕ್ಕಿದ ಇಲಿ ಹಾವನ್ನು ಕಚ್ಚಿ ಆಳವಾದ ಗಾಯ ಮಾಡಬಲ್ಲದು. ಅಂಗಡಿಯಲ್ಲಿ ಸಿಗುವ, ಹೆಪ್ಪುಗಟ್ಟಿಸಿದ ಇಲಿಯೇ ಸಾಕು. ಹಿಂದಿನ ರಾತ್ರಿಯೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಫ್ರಿಜ್‌ನ ಕೆಳಭಾಗದಲ್ಲಿಟ್ಟು, ಮರುದಿನ ಸಂಜೆ ಚೀಲದ ಸಮೇತ ಬಿಸಿನೀರಿನಲ್ಲಿ ಅದ್ದಿ, ಮೈ 38 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾದ ಮೇಲೆ ಕೊಡಿ. ಮೈಕ್ರೋವೇವ್ ಬಳಸಬೇಡಿ. ಇಲಿಯ ಗಾತ್ರ ಹಾವಿನ ಮೈಯ ಅತಿ ದಪ್ಪ ಭಾಗವನ್ನು ಮೀರಬಾರದು. 400 ಗ್ರಾಂ ತೂಗುವ ಹಾವಿಗೆ ಸುಮಾರು 40 ಗ್ರಾಂ ತೂಗುವ ಇಲಿಯನ್ನು ಏಳರಿಂದ ಹತ್ತು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಪೂರ್ಣ ಬೆಳೆದ ಹಾವಿಗೆ ಎರಡು ಮೂರು ವಾರಗಳ ಅಂತರವಿರಲಿ. ಹೆಚ್ಚು ತಿನ್ನಿಸಿದರೆ ಕಚ್ಚುವುದು ಕಡಿಮೆಯಾಗುತ್ತದೆಂಬುದು ತಪ್ಪು ಎಣಿಕೆ, ಅದರಿಂದ ಬರುವುದು ಬೊಜ್ಜು ಮಾತ್ರ.

ಬೇರೆ ಡಬ್ಬಿಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬೇಟೆಯ ಉಮೇದಿನಲ್ಲಿರುವ ಹಾವನ್ನು, ಆಗಷ್ಟೇ ಇಲಿ ನುಂಗಿದ ಹಾವನ್ನು, ಕೈಯಿಂದ ಎತ್ತಿ ಸಾಗಿಸುವ ಹೊತ್ತೇ ಕಡಿತಕ್ಕೆ ಅತ್ಯಂತ ಅನುಕೂಲವಾದ ಹೊತ್ತು. ಅಲುಗಾಟಕ್ಕೆ ಅದು ನುಂಗಿದ್ದನ್ನು ಕಕ್ಕಿಬಿಡಲೂಬಹುದು. ಅದಕ್ಕಿಂತ, ಕೈ ಬಂದಾಗಲೆಲ್ಲ ಆಹಾರ ಬರುವುದಿಲ್ಲವೆಂದು ಹಾವಿಗೆ ತಿಳಿಸಿಕೊಡುವುದು ಸರಿಯಾದ ದಾರಿ. ಎತ್ತಿಕೊಳ್ಳುವ ಮೊದಲು ಪ್ರತಿ ಸಲವೂ ಹಾವು ಹಿಡಿಯುವ ಕೊಕ್ಕೆಯಿಂದಾಗಲಿ, ಪೇಪರ್ ಟವೆಲ್ ಸುತ್ತಿ ಬರುವ ರಟ್ಟಿನ ಕೊಳವೆಯಿಂದಾಗಲಿ ಅದರ ಮೈಯನ್ನು ಮೆಲ್ಲನೆ ಮುಟ್ಟಬೇಕು. ಆಹಾರದ ದಿನ ಹೀಗೆ ಮುಟ್ಟಲೇಬಾರದು. ಕೆಲವು ವಾರಗಳಲ್ಲಿ ಹಾವು ಈ ವ್ಯತ್ಯಾಸಕ್ಕೆ ಒಗ್ಗಿಕೊಳ್ಳುತ್ತದೆ. ಕೈಗೆ ಇಲಿಯ ವಾಸನೆ ಉಳಿಯದಂತೆ ಸೋಪಿನಿಂದ ತೊಳೆದುಕೊಂಡೇ ಟ್ಯಾಂಕಿನ ಬಳಿ ಹೋಗಬೇಕೆಂದು ಮಗನಿಗೆ ಹೇಳಿ.

ಇನ್ನು ಹೆದರಿಕೆಯ ಕಡಿತ. ಹೆದರಿದಾಗ ತಲೆಯನ್ನು ನಡುವೆ ಬಚ್ಚಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದು ಈ ಹಾವಿನ ಗುಣ, ಅದರ ಹೆಸರೇ ಅದರಿಂದ ಬಂದಿದೆ. ಅಷ್ಟು ಸಂಕೋಚದ ಜೀವಿ ಬಾಯಿ ಹಾಕಿತೆಂದರೆ ಅದಕ್ಕೆ ಬಲವಾದ ಕಾರಣವಿರುತ್ತದೆ. ನೇರವಾಗಿ ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನ ಉಗುರಿನಂತೆ ತೋರಬಹುದು. ಆದ್ದರಿಂದ ಪಕ್ಕದಿಂದ ಕೈ ತಂದು, ತಲೆಯನ್ನು ಬಿಟ್ಟು, ಮೈಯ ನಡುಭಾಗವನ್ನು ಎರಡೂ ಅಂಗೈಗಳಿಂದ ಆಧರಿಸಿ ಎತ್ತಬೇಕು. ಕುತ್ತಿಗೆಯನ್ನು ಬಾಗಿಸಿ ಹಿಂದಕ್ಕೆಳೆದುಕೊಂಡು ನಿಂತರೆ ಆ ದಿನ ಬಿಟ್ಟುಬಿಡಿ. ಇಲಿ ತಿಂದ 48 ಗಂಟೆಗಳವರೆಗೆ, ಪೊರೆ ಕಳಚುವ ಮೊದಲು ಕಣ್ಣು ಮಂಜಾಗಿ ನೀಲಿಗಟ್ಟಿರುವ ದಿನಗಳಲ್ಲಿ, ಎತ್ತಿಕೊಳ್ಳಲೇಬೇಡಿ. ಟ್ಯಾಂಕಿನ ಒಂದು ಬದಿ 31ರಿಂದ 33 ಡಿಗ್ರಿ, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇದೆಯೇ, ಎರಡೂ ಬದಿಗಳಲ್ಲಿ ಮೈಗೆ ಒತ್ತುವಷ್ಟು ಇಕ್ಕಟ್ಟಾದ ಅಡಗುತಾಣವಿದೆಯೇ ನೋಡಿ. ಅಡಗಲು ಜಾಗವಿಲ್ಲದ ಹಾವು ಸದಾ ಅಂಜುತ್ತಲೇ ಇರುತ್ತದೆ. ಇಷ್ಟೆಲ್ಲ ಸರಿಯಿದ್ದೂ ಕಚ್ಚುತ್ತಿದ್ದರೆ, ಬಾಯಿಯಲ್ಲಿ ಹುಣ್ಣು, ಹುರುಪೆಗಳ ಸಂದಿನಲ್ಲಿ ರಕ್ತ ಹೀರುವ ಉಣ್ಣಿಯಂಥ ಹುಳು ಅಥವಾ ಉಸಿರಿನಲ್ಲಿ ಸದ್ದು ಇದ್ದರೆ, ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿಗೆ ಒಯ್ಯಿರಿ. ನೋವಿರುವ ಪ್ರಾಣಿಗೆ ಕಲಿಸುವುದು ಅನ್ಯಾಯ.

ಮತ್ತೊಮ್ಮೆ ಕಚ್ಚಿ ಹಿಡಿದರೆ ಕೈಯನ್ನು ಎಳೆದುಕೊಳ್ಳಬಾರದು. ಹಲ್ಲುಗಳು ಒಳಮುಖವಾಗಿ ಬಾಗಿರುವುದರಿಂದ ಎಳೆದಷ್ಟೂ ಚರ್ಮ ಹರಿಯುತ್ತದೆ, ಹಾವಿನ ಹಲ್ಲೂ ಮುರಿಯುತ್ತದೆ. ಅಲುಗಾಡದೆ ಕಾದರೆ ಸಾಮಾನ್ಯವಾಗಿ ತಾನೇ ಬಿಡುತ್ತದೆ. ಇಲ್ಲವಾದರೆ ತಲೆಯ ಮೇಲೆ ತಣ್ಣೀರು ಹರಿಸಿ, ಸುತ್ತನ್ನು ಬಾಲದ ಕಡೆಯಿಂದ ಬಿಚ್ಚಿ. ವಿಷವಿಲ್ಲದ ಹಾವಾದ್ದರಿಂದ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಹಲ್ಲು ಉಳಿದಿದೆಯೇ ನೋಡಿ, ಧನುರ್ವಾಯುವಿನ ಲಸಿಕೆ ಆಗಿದೆಯೇ ಎಂದು ಖಚಿತಪಡಿಸಿಕೊಂಡರೆ ಸಾಕು. ಗಾಯ ಆಳವಾಗಿದ್ದರೆ ಅಥವಾ ಊದಿದರೆ ವೈದ್ಯರಿಗೆ ತೋರಿಸಿ.

ಅತ್ತೆಯವರ ಮಾತಿನ ಹಿಂದಿರುವ ಭಕ್ತಿಯನ್ನು ನಾನು ಗೌರವಿಸುತ್ತೇನೆ. ನಾಗರಪಂಚಮಿಯಂದು ಕಲ್ಲಿಗೆ ಹಾಲೆರೆಯಲಿ; ಟ್ಯಾಂಕಿಗೆ ಮಾತ್ರ ಬೇಡ. ಹಾಲು ಹಾವಿಗೆ ಜೀರ್ಣವಾಗುವುದಿಲ್ಲ. ಬಾಯಾರಿದ ಹಾವು ಹಾಲನ್ನೂ ಕುಡಿದೀತು, ಆದರೆ ಕುಡಿದು ಕಾಯಿಲೆ ಬೀಳುತ್ತದೆ. ಮೊಟ್ಟೆಯನ್ನೇ ತಿಂದು ಬದುಕುವ ಹಾವುಗಳು ಆಫ್ರಿಕಾದಲ್ಲಿಯೇ ಇವೆ, ಅವುಗಳ ಬೆನ್ನೆಲುಬಿನ ರಚನೆಯೇ ಬೇರೆ. ನಿಮ್ಮ ಹಾವಿಗೆ ಇಲಿಯೇ ಆಹಾರ. ಹೆಪ್ಪುಗಟ್ಟಿಸುವುದರಿಂದ ಸಾಲ್ಮೊನೆಲ್ಲಾ ರೋಗಾಣು ಸಾಯುವುದಿಲ್ಲವಾದ್ದರಿಂದ ಇಲಿಗಳಿಗೆಂದೇ ಸಣ್ಣದೊಂದು ಫ್ರೀಜರ್ ಇರಲಿ, ಫ್ರಿಜ್‌ನಲ್ಲಿ ಕರಗಿಸಲೂ ಮುಚ್ಚಳವಿರುವ ಪ್ರತ್ಯೇಕ ಡಬ್ಬಿಯಿರಲಿ, ಐದು ವರ್ಷದೊಳಗಿನ ಮಕ್ಕಳು ಹಾವನ್ನು ಮುಟ್ಟದಿರಲಿ. ಮನೆಯಲ್ಲಿ ಇಲಿಯನ್ನು ಇಟ್ಟುಕೊಳ್ಳುವುದು ನಿಮಗೆ ಸಹಿಸಲಾಗದ ಸಂಗತಿಯಾದರೆ, ಹಾವನ್ನು ಅರೆಹೊಟ್ಟೆಯಲ್ಲಿಡುವ ಬದಲು ಸರೀಸೃಪಗಳ ಆಶ್ರಯತಾಣಕ್ಕೆ ಒಪ್ಪಿಸುವುದೇ ಮೇಲು. ಬಾಲ್ ಪೈಥಾನ್ ಸಾಕಿದಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ, ಮಗ ಕಾಲೇಜಿಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆಂಬುದನ್ನೂ ಈಗಲೇ ಮಾತಾಡಿಕೊಳ್ಳಿ.

ಕರ್ನಾಟಕದ ಓದುಗರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮೇಲಿನದಾವುದೂ ನಮ್ಮ ಹೊಲ, ಹಿತ್ತಲುಗಳ ಹಾವಿಗೆ ಅನ್ವಯಿಸುವುದಿಲ್ಲ. ಕೇರೆಯನ್ನಾಗಲಿ, ಮಣ್ಣುಮುಕ್ಕನನ್ನಾಗಲಿ, ಹೆಬ್ಬಾವನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನ ಮರಿಯೆಂದು ತಿಳಿದು ಕೈಯಲ್ಲಿ ಹಿಡಿದವರಿದ್ದಾರೆ. ಅಂಥ ಹಾವು ಕಚ್ಚಿದಾಗ ತೊಳೆದು ಕಾಯುತ್ತ ಕೂರದೆ, ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು.