ಮೆಜೆಂಟಾ ಜಾಸ್ತಿ ಆಗಿದೆಯಾ?

ಮುದ್ರಣ ಮತ್ತು ಡಿಜಿಟಲ್ ಪ್ರಕಾಶನ ಓದುತ್ತಿರುವ ಎರಡನೇ ವರ್ಷದ ಹುಡುಗ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ. ಹಾಜರಾತಿ ಕಡಿಮೆಯಾಗಿದೆ ಎಂದು ಕಾಲೇಜಿನವರೇ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದ್ದರು. ಥಿಯರಿ ತರಗತಿ ಒಂದೂ ತಪ್ಪಿಸಿಲ್ಲ, ಕಂಪ್ಯೂಟರ್ ಲ್ಯಾಬ್‌ಗೂ ಸರಿಯಾಗಿ ಹೋಗುತ್ತಾನೆ. ಆಫ್‌ಸೆಟ್ ಮುದ್ರಣ ಮಷಿನ್‌ನ ಪ್ರಾಕ್ಟಿಕಲ್‌ಗೆ ಮಾತ್ರ ಚಕ್ಕರ್.

ಸ್ಕ್ರೀನ್ ಇಷ್ಟ, ಮಸಿ ಕೈಗೆ ಮೆತ್ತಿಕೊಳ್ಳುವುದು ಬೇಡ, ಅಷ್ಟೇ ಅಂದುಕೊಂಡೆ. ಎರಡು ಸಲ ಅದೇ ಧಾಟಿಯಲ್ಲಿ ಬುದ್ಧಿ ಹೇಳಿಯೂ ಬಿಟ್ಟೆ. ಅವನು ಹ್ಞೂಂ ಹ್ಞೂಂ ಎನ್ನುತ್ತಿದ್ದ. ಮೂರನೇ ಸಲ ನನ್ನ ಉಪದೇಶ ನನಗೇ ಬೇಸರ ತಂದಿತು. "ಮಷಿನ್ ಹತ್ತಿರ ಏನಾಗುತ್ತೆ? ಒಂದು ದಿನದ್ದು ಹೇಳು" ಅಂದೆ.

ಒಂದು ದಿನ ಇನ್‌ಸ್ಟ್ರಕ್ಟರ್ ಹೊಸದಾಗಿ ಬಂದ ಶೀಟ್ ಎತ್ತಿ ಹಿಡಿದು, ಏನು ತಪ್ಪಾಗಿದೆ ಎಂದು ಇವನನ್ನೇ ಕೇಳಿದರಂತೆ. ಫೋಟೋದಲ್ಲಿದ್ದವರ ಮುಖವೆಲ್ಲ ಕೆಂಪಗಾಗಿತ್ತು, ಮೆಜೆಂಟಾ, ಅಂದರೆ ನೇರಳೆಗೆಂಪು ಮಸಿ, ಜಾಸ್ತಿ ಹರಿದಿತ್ತು. ಇವನು "ಸರಿಯಾಗಿದೆ ಸರ್" ಅಂದ. ಎಲ್ಲರೂ ನಕ್ಕರು. ಅವತ್ತಿನಿಂದ ಆ ಕಡೆ ಹೋಗಿಲ್ಲ.

"ನನಗೆ ಕೆಂಪು, ಹಸಿರು ಗೊಂದಲ ಆಗುತ್ತೆ ಮೇಡಂ. ಮನೆಯಲ್ಲೂ ಗೊತ್ತಿಲ್ಲ. ಕೋರ್ಸ್ ಬಿಟ್ಟುಬಿಡ್ತೀನಿ."

ಇಷ್ಟು ವರ್ಷ ಹೇಗೆ ನಿಭಾಯಿಸಿದೆ ಎಂದು ಕೇಳಿದೆ. ಚಿಕ್ಕವನಿದ್ದಾಗ ಕ್ರೇಯಾನ್‌ಗೆ ಸುತ್ತಿದ ಕಾಗದದ ಮೇಲೆ ಹೆಸರು ಓದಿಕೊಂಡು ಬಣ್ಣ ಹಚ್ಚುತ್ತಿದ್ದನಂತೆ. ಕಾಗದ ಹರಿದರೆ ಫಜೀತಿ. ಈಗ ಲೇಔಟ್ ಮಾಡುವಾಗ? ಸಯಾನ್ (ಹಸಿರುನೀಲಿ), ಮೆಜೆಂಟಾ, ಹಳದಿ, ಕಪ್ಪು ಎಷ್ಟೆಷ್ಟು ಶೇಕಡಾ ಎಂದು ಸಾಫ್ಟ್‌ವೇರ್ ತೋರಿಸುತ್ತದಲ್ಲ, ಅದನ್ನು ನೋಡುತ್ತಾನೆ. ಅಂದರೆ ಈಗಲೂ ಅದೇ ಕ್ರೇಯಾನ್ ಉಪಾಯ. ಕಂಪ್ಯೂಟರ್ ಲ್ಯಾಬ್‌ನಲ್ಲಿ ಏಕೆ ಸಿಕ್ಕಿಬಿದ್ದಿಲ್ಲ ಎಂದು ನನಗೆ ಆಗ ಹೊಳೆಯಿತು.

ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗು ಅಂದೆ. ಇಶಿಹಾರ ಪರೀಕ್ಷೆ ಮಾಡಿದರು. 1917ರಿಂದ ಬಳಕೆಯಲ್ಲಿರುವ ಚುಕ್ಕೆಗಳ ಚಿತ್ರಗಳು ಅವು. ಅವುಗಳನ್ನು ಅಚ್ಚು ಹಾಕುವಾಗಲೇ ಬಣ್ಣ ಕೆಟ್ಟರೆ ಪರೀಕ್ಷೆಯೇ ಕೆಟ್ಟಂತೆ, ನೋಡಿ! ಕೆಂಪು-ಹಸಿರು ಬಣ್ಣಗುರುಡು ಖಚಿತವಾಯಿತು. ಇದು ಸಾಮಾನ್ಯವಾಗಿ ಎಕ್ಸ್ ವರ್ಣತಂತುವಿನ ಮೂಲಕ ತಾಯಿಯಿಂದ ಮಗನಿಗೆ ಬರುತ್ತದೆ. ತಾಯಿಗೆ ಬಣ್ಣಗಳು ಸರಿಯಾಗಿಯೇ ಕಾಣುತ್ತಿರಬಹುದು. ಹುಟ್ಟಿನಿಂದ ಬಂದದ್ದಕ್ಕೆ ಮದ್ದಿಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12 ಮಂದಿಗೆ ಒಬ್ಬರಂತೆ ಇದೆ, ಬೇರೆಯವರಲ್ಲಿ ಕಡಿಮೆ.

ಮುಂದಿನ ಭೇಟಿಯಲ್ಲಿ ಒಂದು ಹಾಳೆ ಕೊಟ್ಟೆ. ನಿನ್ನ ವಿದ್ಯೆಯಲ್ಲಿ ಯಾವ ಕೆಲಸ ಕಣ್ಣಿನ ಅಂದಾಜಿನದು, ಯಾವುದು ಅಳತೆಯದು, ಬರೆ. ನನಗಂತೂ ಈ ಕಸುಬು ಗೊತ್ತಿಲ್ಲ, ಅವನೇ ವಿವರಿಸುತ್ತಾ ಹೋದ. ಕತ್ತರಿಸಿದಾಗ ಬಿಳಿ ಅಂಚು ಉಳಿಯದಂತೆ ಚಿತ್ರವನ್ನು ಪುಟದ ಅಂಚಿನಾಚೆ 3 ಮಿ.ಮೀ. ಚಾಚಿ ಬ್ಲೀಡ್ ಬಿಡುವುದು, ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇದೆಯೇ ನೋಡುವುದು, ಪಿಡಿಎಫ್‌ನಲ್ಲಿ ಫಾಂಟ್ ಸೇರಿದೆಯೇ ಎಂದು ಪರೀಕ್ಷಿಸುವುದು. 16 ಪುಟಗಳನ್ನು ಒಟ್ಟಿಗೆ ಅಚ್ಚು ಹಾಕಿದ ದೊಡ್ಡ ಹಾಳೆ, ಅಂದರೆ ಫಾರಂ, ಮಡಿಸಿದಾಗ ಪುಟಗಳು ಸರಿಯಾದ ಸಾಲಿನಲ್ಲಿ ಬರುವಂತೆ ಇಂಪೋಸಿಷನ್ ಮಾಡುವುದು. ಇದರಲ್ಲಿ ಅವನು ಹುಲಿ. ನನ್ನೆದುರೇ ಹಾಳೆ ಮಡಿಸಿ ತೋರಿಸಿದ. ನಾಲ್ಕು ಬಣ್ಣದ ಗುರುತುಗಳು ಒಂದರ ಮೇಲೊಂದು ಕೂತಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದಕ್ಕೂ ಗೆರೆ ಕಂಡರೆ ಸಾಕು. ಮಸಿಯ ಪ್ರಮಾಣ? ಶೀಟಿನ ಅಂಚಿನ ಬಣ್ಣಪಟ್ಟಿಯ ಮೇಲೆ ಮಸಿಯ ದಟ್ಟಣೆ ಅಳೆಯುವ ಡೆನ್ಸಿಟೋಮೀಟರ್ ಇಟ್ಟರೆ ಅಂಕಿ ಬರುತ್ತದೆ.

ಕಣ್ಣಿನ ಕಡೆ ಉಳಿದದ್ದು ಕಡಿಮೆ, ಆದರೆ ಅದು ಸಣ್ಣದಲ್ಲ. "ಬಣ್ಣಕ್ಕೆ ಕೊನೆಯ ಒಪ್ಪಿಗೆ ಕೊಡುವ ಸಹಿ ನೀನೊಬ್ಬನೇ ಹಾಕಬೇಡ. ಪಕ್ಕದಲ್ಲಿ ಇನ್ನೊಬ್ಬರು ಇರಲಿ" ಎಂದು ನೇರವಾಗಿ ಹೇಳಿದೆ. ಮುಖ ಸಪ್ಪೆಯಾಯಿತು. ಸುಮ್ನೆ ಸಮಾಧಾನ ಹೇಳಿದ್ದರೆ ನಾಳೆ ಕೆಲಸದಲ್ಲಿ ಅವನೇ ಒದ್ದಾಡಬೇಕಿತ್ತು.

ಇನ್‌ಸ್ಟ್ರಕ್ಟರ್‌ಗೆ ಹೇಳುವ ಮಾತನ್ನು ಇಬ್ಬರೂ ಸೇರಿ ಅಭ್ಯಾಸ ಮಾಡಿದೆವು. "ಕೆಂಪು-ಹಸಿರಿನ ವ್ಯತ್ಯಾಸ ನನಗೆ ಸರಿಯಾಗಿ ತಿಳಿಯಲ್ಲ ಸರ್, ಮೀಟರ್ ಓದಿ ಹೇಳಬಹುದಾ?" ಇಷ್ಟೇ. ಕ್ಷಮೆ ಕೇಳುವುದು ಬೇಡ ಅಂದಿದ್ದೆ, ಆದರೂ ಕೇಳಿದನಂತೆ. ಅವರು ಒಂದು ವರ್ಷ ಯಾಕೆ ಮುಚ್ಚಿಟ್ಟೆ ಎಂದು ರೇಗಿದರು, ಆಮೇಲೆ ಮೀಟರ್ ಕೈಗಿತ್ತರು. ಪರೀಕ್ಷೆಯಲ್ಲೂ ಮೀಟರ್ ಬಳಸಲು ಅನುಮತಿ ಕೇಳಿ ಅರ್ಜಿ ಹಾಕಿಸಿದ್ದೇನೆ. ಉತ್ತರ ಬಂದಿಲ್ಲ.

ಇ-ಪುಸ್ತಕದ ಪ್ರಾಜೆಕ್ಟ್‌ನಲ್ಲಿ ಮಾತ್ರ ಒಂದು ತಮಾಷೆ ನಡೆಯಿತು. ಗೆಳೆಯರು ಸರಿ ಉತ್ತರಕ್ಕೆ ಹಸಿರು, ತಪ್ಪಿಗೆ ಕೆಂಪು ಹಾಕಿದ್ದರು. ಇವನಿಗೆ ಎರಡೂ ಒಂದೇ. ಈ ಸಲ ಸುಮ್ಮನಿರದೆ ಬಾಯಿಬಿಟ್ಟ. ಬಣ್ಣದ ಜೊತೆ ಗುರುತೂ ಇರಬೇಕು, ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅಂತರ) ಬೇಕು ಎಂದು ವೆಬ್ ಮಾರ್ಗಸೂಚಿಗಳೇ ಹೇಳುತ್ತವೆ ಎಂದು ಹುಡುಕಿ ತೋರಿಸಿದ. ಈಗ ತಂಡದ ಪುಟಗಳೆಲ್ಲ ಮೊದಲು ಇವನ ಹತ್ತಿರ ಬರುತ್ತವೆ.

ಮನೆಯಲ್ಲಿ ಇನ್ನೂ ಹೇಳಿಲ್ಲ. ತನ್ನಿಂದಲೇ ಬಂತೆಂದು ಅಮ್ಮ ಕೊರಗುತ್ತಾರೆ ಎಂಬ ಹೆದರಿಕೆ. ನಾನು ಒತ್ತಾಯ ಮಾಡಿಲ್ಲ. ಮುಂದಿನ ತಿಂಗಳು ಅವರನ್ನೇ ಕರೆದುಕೊಂಡು ಬರಲಾ ಎಂದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ.