ಮಣ್ಣು ವಿಜ್ಞಾನದಲ್ಲಿ ಪಿಎಚ್‌ಡಿ ಆದಮೇಲೆ ಪಾಠದ ಕೆಲಸಕ್ಕೆ ಸೇರಿದರೆ ಸಂಶೋಧನೆ ಮೂಲೆಗೆ ಬೀಳುತ್ತಾ?

ಪಿಎಚ್‌ಡಿ ಕೊನೆ ಹಂತದಲ್ಲಿದೆ, ಇನ್ನೊಂದು ಸುತ್ತು ಮಣ್ಣಿನ ಮಾದರಿ ತೆಗೆಯುವುದು ಬಾಕಿ, ಪಾಠದ ಕೆಲಸ ಬಿಟ್ಟು ಬರೀ ಸಂಶೋಧನೆಯ ಹುದ್ದೆಗೇ ಕಾಯಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಒಂದು ಕಾಲಕ್ಕೆ ನಾನೂ ಹೀಗೇ ಮಾತಾಡುತ್ತಿದ್ದೆ. ತರಗತಿ ಅಂದರೆ ಸಮಯ ದಂಡ, ಉತ್ತರ ಪತ್ರಿಕೆ ತಿದ್ದುವುದು ಬುದ್ಧಿ ಇಲ್ಲದವರ ಕೆಲಸ ಅನ್ನುವಷ್ಟು ಜಂಬ.

ನನ್ನ ಥೀಸಿಸ್ ಉಳುಮೆ ಮತ್ತು ಮಣ್ಣಿನ ಇಂಗಾಲದ ಬಗ್ಗೆ. ಪ್ರತಿ ಬೆಳೆಗೂ ಉಳುವ ತಾಕುಗಳು ಒಂದು ಕಡೆ, ಉಳುಮೆಯನ್ನೇ ಬಿಟ್ಟ ತಾಕುಗಳು ಇನ್ನೊಂದು ಕಡೆ. ಯಾವುದರಲ್ಲಿ ಇಂಗಾಲ ಜಾಸ್ತಿ ಉಳಿಯುತ್ತದೆ ಅನ್ನುವುದು ಪ್ರಶ್ನೆ. ಆಗರ್ ಅನ್ನುವ ನೆಲ ಕೊರೆಯುವ ಸಲಕರಣೆಯಿಂದ ಮಣ್ಣು ತೆಗೆದೆ, ನೆರಳಲ್ಲಿ ಒಣಗಿಸಿದೆ, ಕುಟ್ಟಿ 2 ಮಿಲಿಮೀಟರ್ ಜರಡಿಯಲ್ಲಿ ಸೋಸಿದೆ, ಇಂಗಾಲ ಎಷ್ಟಿದೆ ಅಂತ ಅಳೆಯಲು ಡೈಕ್ರೋಮೇಟ್ ಅನ್ನುವ ರಾಸಾಯನಿಕ ಹಾಕಿ ಟೈಟ್ರೇಷನ್ ಮಾಡಿದೆ. ವಾಕ್ಲಿ ಬ್ಲ್ಯಾಕ್ ವಿಧಾನ, 1934ರದು. ಇರುವ ಇಂಗಾಲದಲ್ಲಿ ಅದು ಹಿಡಿಯುವುದು ಸುಮಾರು ಮುಕ್ಕಾಲು ಭಾಗ, ಬಂದ ಅಂಕಿಯನ್ನು ಗುಣಿಸಿ ಸರಿಮಾಡಬೇಕು. ಅದನ್ನೂ ಅಚ್ಚುಕಟ್ಟಾಗಿ ಮಾಡಿದೆ. ಉಳದ ತಾಕುಗಳಲ್ಲಿ ಇಂಗಾಲದ ಶೇಕಡಾ ಚೆನ್ನಾಗಿ ಏರಿತ್ತು. ಖುಷಿಯೋ ಖುಷಿ.

ಬಿಟ್ಟಿದ್ದು ಒಂದೇ ಒಂದು. ಬಲ್ಕ್ ಡೆನ್ಸಿಟಿ, ಅಂದರೆ ಹೊಲದಲ್ಲಿ ಮಣ್ಣು ಎಷ್ಟು ಬಿಗಿಯಾಗಿದೆ ಅನ್ನುವುದನ್ನು ಅಳೆಯಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೆ ಗೊತ್ತಿರುವುದೇ ಆದರೂ ಓದಿ. ಗಾತ್ರ ಗೊತ್ತಿರುವ ಉಕ್ಕಿನ ರಿಂಗನ್ನು ನೆಲಕ್ಕೆ ಬಡಿದು, ಒಳಗಿನ ಮಣ್ಣು ಅಲುಗದಂತೆ ಎತ್ತಿ, 105 ಡಿಗ್ರಿ ಓವನ್‌ನಲ್ಲಿ ಒಣಗಿಸಿ ತೂಗುವುದು. ತೂಕವನ್ನು ಗಾತ್ರದಿಂದ ಭಾಗಿಸಿದರೆ ಮುಗಿಯಿತು. ಪದವಿ ಹುಡುಗರಿಗೆ ಕಲಿಸುವ ಕೆಲಸ. ಅದಕ್ಕೇ ನನಗೆ ಅಸಡ್ಡೆ. ಪುಸ್ತಕದಲ್ಲಿದ್ದ, ಘನ ಸೆಂಟಿಮೀಟರಿಗೆ 1.3 ಗ್ರಾಂ ಅನ್ನುವ ಅಂಕಿಯನ್ನು ಎರಡೂ ಬಗೆಯ ತಾಕುಗಳಿಗೆ ಸುಮ್ನೆ ಹಾಕಿಬಿಟ್ಟೆ.

ಈಗ ಲೆಕ್ಕ ನೋಡಿ. ಇಂಗಾಲ ಶೇ. 1, ಆಳ 30 ಸೆಂಟಿಮೀಟರ್ ಅಂದುಕೊಳ್ಳಿ. ಡೆನ್ಸಿಟಿ 1.2 ಇದ್ದರೆ ಹೆಕ್ಟೇರಿಗೆ 36 ಟನ್ ಇಂಗಾಲ. 1.4 ಇದ್ದರೆ 42 ಟನ್. ಶೇಕಡಾ ಅದೇ, ಆಳ ಅದೇ. ಮಣ್ಣು ಸಡಿಲವೋ ಬಿಗಿಯೋ ಅನ್ನುವುದರಿಂದಲೇ 6 ಟನ್ ವ್ಯತ್ಯಾಸ! ವರ್ಷಕ್ಕೆ ಹೆಕ್ಟೇರಿಗೆ ಅರ್ಧ ಟನ್ ಏರಿದರೂ ಭೇಷ್ ಅನ್ನುವ ಕ್ಷೇತ್ರ ಇದು. ಉಳುಮೆ ಬಿಟ್ಟ ನೆಲ ಎಷ್ಟೋ ಸಲ ಬಿಗಿಯಾಗುತ್ತದೆ. ಆಗ ಅಷ್ಟೇ ಆಳದಲ್ಲಿ ಮಣ್ಣೇ ಹೆಚ್ಚಿರುತ್ತದೆ. ಆಳಕ್ಕೆ ಆಳ ಹೋಲಿಸಿದರೆ ಸಾಲದು, ಮಣ್ಣಿನ ತೂಕಕ್ಕೆ ತೂಕ ಹೋಲಿಸಬೇಕು. ಇದರ ಜೊತೆಗೆ, ಉಳದ ನೆಲದಲ್ಲಿ ಇಂಗಾಲ ಮೇಲ್ಪದರದಲ್ಲೇ ಗುಡ್ಡೆ ಬೀಳುತ್ತದೆ, ಉತ್ತ ನೆಲದಲ್ಲಿ ಕೆಳಕ್ಕೆ ಮಗುಚಿಕೊಳ್ಳುತ್ತದೆ. ಮೇಲಿನ 15 ಸೆಂಟಿಮೀಟರ್ ಮಾತ್ರ ನೋಡಿದವರಿಗೆ ಉಳುಮೆ ಬಿಡುವುದು ಪವಾಡದ ಹಾಗೆ ಕಾಣುವುದು ಇದಕ್ಕೇ. ನನಗೂ ಹಾಗೇ ಕಂಡಿತ್ತು.

ಥೀಸಿಸ್ ಹೇಗೋ ಪಾಸಾಯಿತು. ಅದರಿಂದ ಬರೆದ ಪೇಪರ್ ಇನ್ನೂ ರಿವ್ಯೂನಲ್ಲಿತ್ತು. ಬೇರೆ ದಾರಿ ಇಲ್ಲದೆ ಗೊಣಗುತ್ತಲೇ ಪಾಠದ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಇದೇ ರಿಂಗ್ ಬಡಿಯುವ ಪ್ರಾಕ್ಟಿಕಲ್. ಒಬ್ಬಳು ಹುಡುಗಿ ಲೆಕ್ಕ ಮುಗಿಸಿ ಕೇಳಿದಳು, ‘ಮೇಡಂ, ಹಾಗಾದ್ರೆ ಡೆನ್ಸಿಟಿ ಇಲ್ದೆ ಹೆಕ್ಟೇರಿಗೆ ಇಷ್ಟು ಟನ್ ಅಂತ ಹೇಳೋಕೇ ಆಗಲ್ಲ ಅಲ್ವಾ?’ ಪುಸ್ತಕದ ಸರಾಸರಿ ಹಾಕಬಹುದು ಅಂತ ತೇಲಿಸಿದೆ. ‘ಮತ್ತೆ ನಾವ್ಯಾಕೆ ಬೆಳಗ್ಗೆಯಿಂದ ಸುತ್ತಿಗೆಯಲ್ಲಿ ಬಡಿದಿದ್ದು?’ ಅಂದಳು. ಎಲ್ಲರೂ ನಕ್ಕರು. ನನಗೆ ಬೆವರು.

ಸರಿಪಡಿಸೋಣ ಅಂದರೆ ದಾರಿಯೇ ಇರಲಿಲ್ಲ. ಚೀಲದಲ್ಲಿಟ್ಟ ಮಣ್ಣಿನಲ್ಲಿ ಇಂಗಾಲ, ಪಿಎಚ್, ಮರಳು, ಜೇಡಿಯ ಪ್ರಮಾಣ ಎಲ್ಲವನ್ನೂ ಮತ್ತೆ ಅಳೆಯಬಹುದು. ಆದರೆ ಕುಟ್ಟಿ ಜರಡಿ ಹಿಡಿದ ಮಣ್ಣು ಹೊಲದಲ್ಲಿ ಎಷ್ಟು ಬಿಗಿಯಾಗಿತ್ತು ಅಂತ ಯಾವ ಯಂತ್ರವೂ ಹೇಳುವುದಿಲ್ಲ. ತಾಕುಗಳಿಗೆ ವಾಪಸ್ ಹೋದರೆ ಅಷ್ಟರಲ್ಲಿ ಬೇರೆ ಪ್ರಯೋಗ ಶುರುವಾಗಿತ್ತು. ಇಲ್ಲದಿದ್ದರೂ ಉಳುಮೆ ಮಾಡಿದರೆ, ಮಳೆ ಬಿದ್ದರೆ ಡೆನ್ಸಿಟಿ ಬದಲಾಗುತ್ತದೆ. ಹಳೆಯ ಇಂಗಾಲಕ್ಕೆ ಹೊಸ ಡೆನ್ಸಿಟಿ ಜೋಡಿಸುವುದು ಕಣ್ಣಿಗೆ ಮಣ್ಣೆರಚುವ ಕೆಲಸ. ಪೇಪರ್ ವಾಪಸ್ ತೆಗೆದುಕೊಂಡೆ. ಅದನ್ನೇ ನಂಬಿಕೊಂಡಿದ್ದ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ, ಕೈತಪ್ಪಿತು. ಹಲವು ವರ್ಷ ಹಿಂದೆ ಬಿದ್ದೆ. ಜೊತೆಯವರೆಲ್ಲ ಮುಂದೆ ಹೋದರು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು.

ಹಾಗಾಗಿ ಸಂಶೋಧನೆಯೋ ಪಾಠವೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರಿವ್ಯೂವರ್‌ಗಳು ಅಂಕಿಅಂಶ ಸರಿಯಿದೆಯಾ ನೋಡುತ್ತಾರೆ. ‘ಇದನ್ನು ಯಾಕೆ ಅಳೆದಿಲ್ಲ’ ಅಂತ ನಾಚಿಕೆಯಿಲ್ಲದೆ ಕೇಳುವವರು ಪದವಿ ವಿದ್ಯಾರ್ಥಿಗಳು. ಪಾಠ ಸಮಯ ತಿನ್ನುತ್ತದೆ, ಸುಳ್ಳು ಹೇಳಲ್ಲ. ಪರೀಕ್ಷೆಯ ತಿಂಗಳಲ್ಲಿ ಲ್ಯಾಬ್ ಕಡೆ ತಲೆ ಹಾಕುವುದಕ್ಕೂ ಆಗದು. ಆದರೆ ಬರೀ ಸಂಶೋಧನೆಯ ಹುದ್ದೆಗಳಲ್ಲಿ ಎಷ್ಟೋ ಪ್ರಾಜೆಕ್ಟ್ ಇರುವವರೆಗೆ ಮಾತ್ರ. ಮುಂದಿನ ಅನುದಾನಕ್ಕೆ ಅರ್ಜಿ ಬರೆಯುವುದರಲ್ಲಿ ಅಲ್ಲಿಯೂ ಅಷ್ಟೇ ಸಮಯ ಹೋಗುತ್ತದೆ.

ಹುದ್ದೆಯ ಹೆಸರಿಗಿಂತ ಅಲ್ಲಿ ಎಂಥ ತಾಕುಗಳಿವೆ ಅಂತ ವಿಚಾರಿಸಿ. ಮಣ್ಣು ಸೋಮಾರಿ ಪ್ರಾಣಿ, ನಿಮ್ಮ ಪ್ರಾಜೆಕ್ಟಿನ ಅವಧಿ ನೋಡಿಕೊಂಡು ಬದಲಾಗುವುದಿಲ್ಲ. ಮೂರು ನಾಲ್ಕು ವರ್ಷದಲ್ಲಿ ಇಂಗಾಲದ ಬದಲಾವಣೆ ಹಿಡಿಯುವುದು ಬಲು ಕಷ್ಟ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಲ್ಲಿ ಶುರುವಾದ ಬ್ರಾಡ್‌ಬಾಕ್ ಗೋಧಿ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಹಳೆಯ ಮಣ್ಣಿನ ಮಾದರಿಗಳನ್ನು ಕಾಪಿಟ್ಟಿದ್ದಾರೆ. ಅಷ್ಟು ಹಳೆಯದು ಎಲ್ಲ ಕಡೆ ಸಿಗಲ್ಲ, ಆದರೆ ಹತ್ತಿಪ್ಪತ್ತು ವರ್ಷದ ತಾಕುಗಳಿರುವ ಸಂಸ್ಥೆಯಲ್ಲಿ ಪಾಠದ ಕೆಲಸ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಸೇರಿ. ಹೊಸದಾಗಿ ಗೆರೆ ಎಳೆದ ತಾಕುಗಳ ಮೇಲೆ ನಿಂತ, ಕೇಳುವುದಕ್ಕೆ ದೊಡ್ಡದಾಗಿರುವ ಸಂಶೋಧನಾ ಹುದ್ದೆಗಿಂತ ಅದು ಎಷ್ಟೋ ವಾಸಿ. ನಿಮ್ಮ ಮೇಲಿನವರು ಈಗಲೂ ಗುಂಡಿಗೆ ಇಳಿದು ಮಣ್ಣಿನ ಪದರ ಮುಟ್ಟಿ ನೋಡುತ್ತಾರಾ, ಅದನ್ನೂ ಕೇಳಿಕೊಳ್ಳಿ. ಬರೀ ಮೇಲ್‌ನಲ್ಲೇ ಗೈಡ್ ಮಾಡುವವರಾದರೆ ಬೇಡ.

ಬಾಕಿ ಇರುವ ಆ ಸುತ್ತಿನ ಮಾದರಿ ತೆಗೆಯುವಾಗ ರಿಂಗ್ ತೆಗೆದುಕೊಂಡು ಹೋಗಿ. ಇಂಗಾಲದ ಮಾದರಿ ತೆಗೆದ ಜಾಗದ ಪಕ್ಕದಲ್ಲೇ, ಅದೇ ದಿನ, ಪ್ರತಿ ಆಳಕ್ಕೂ ಬೇರೆ ಬೇರೆ ಬಡಿಯಿರಿ. ನೆಲದಲ್ಲಿ ಕಲ್ಲು ಜಾಸ್ತಿ ಇದ್ದರೆ ಕಲ್ಲಿನ ತೂಕ, ಗಾತ್ರ ಕಳೆಯುವ ಲೆಕ್ಕವೇ ಬೇರೆ. ಬೇಕಿದ್ದರೆ ಅದನ್ನು ಇನ್ನೊಂದು ಪ್ರಶ್ನೆಯಾಗಿ ಹಾಕಿ, ಬರೆಯುತ್ತೇನೆ.